ಪೆಟ್ರೋಲ್ ಏರಿದಾಗ ಪೆಟ್ಟು ಯಾರಿಗೆ? ಆ್ಯಪ್ ಟ್ಯಾಕ್ಸಿಗೆ ನಿಯಮ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ಊರಿನ ಸಾರಿಗೆ ಕಚೇರಿಯಲ್ಲಿದ್ದೀರಿ, ಯಾವ ದೇಶದ ಶಾಸನಸಭೆಯಲ್ಲಿದ್ದೀರಿ ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ. ಫೋನಿನಲ್ಲಿ ಬುಕ್ ಮಾಡಿ ಗಾಡಿ ಕರೆಸಿಕೊಳ್ಳುವ ಈ ವ್ಯವಹಾರಕ್ಕೆ ಲೈಸೆನ್ಸ್ ಕೊಡುವುದು, ದರ ಗೊತ್ತು ಮಾಡುವುದು, ತೆರಿಗೆ ಹಾಕುವುದು, ಬೇಡವೆಂದರೆ ನಿಲ್ಲಿಸುವುದು ನಿಮ್ಮ ಕೈಯಲ್ಲಿದೆ. ಕಂಪನಿಯ ಭವಿಷ್ಯವನ್ನು ನಿರ್ಧರಿಸುವ ಹೊರಗಿನ ಸಂಗತಿಗಳ ಪಟ್ಟಿ ಮಾಡಿದರೆ ಇಂಧನದ ಬೆಲೆ, ಬಡ್ಡಿ ದರ, ರೋಗರುಜಿನ, ಪೈಪೋಟಿ, ಹೊಸ ತಂತ್ರಜ್ಞಾನ ಎಲ್ಲವೂ ಬರುತ್ತವೆ. ಅವೆಲ್ಲಕ್ಕಿಂತ ಮೇಲೆ ಬರುವವರು ನೀವು. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ.

ಕೇಳಬೇಕಾದದ್ದು ಒಂದೇ. ಹೊರಗಿನಿಂದ ಬಂದ ಪೆಟ್ಟು ಕಂಪನಿಯ ಲೆಕ್ಕದಲ್ಲೇ ನಿಲ್ಲುತ್ತದೋ, ಅದನ್ನು ದಾಟಿ ಸ್ಟೀರಿಂಗ್ ಹಿಡಿದವನ ಮೇಲೆ ಬೀಳುತ್ತದೋ ಎಂದು ನೋಡಿದ ಮೇಲೆ ನಿಯಮಕ್ಕೆ ಸಹಿ ಹಾಕಿ.

ಮೊದಲು ನಿಮ್ಮ ಬಲದ ಮಾತು. 2019ರಲ್ಲಿ ಉಬರ್ ಷೇರು ಮಾರುಕಟ್ಟೆಗೆ ಬರುವ ಮುನ್ನ ಹೂಡಿಕೆದಾರರ ಮುಂದೆ ಇಟ್ಟ ದಾಖಲೆಯಲ್ಲಿ ಎರಡು ಅಂಕಿಗಳಿವೆ. 2018ರಲ್ಲಿ ಅದರ ಸವಾರಿ ವಹಿವಾಟಿನ ಶೇ 24ರಷ್ಟು ಬಂದದ್ದು ಲಾಸ್ ಏಂಜಲೀಸ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್, ಸಾವೊ ಪಾಲೊ ಎಂಬ ಐದು ಮಹಾನಗರಗಳಿಂದ. ಶೇ 15ರಷ್ಟು ಬಂದದ್ದು ವಿಮಾನ ನಿಲ್ದಾಣಕ್ಕೆ ಹೋಗುವ, ಅಲ್ಲಿಂದ ಬರುವ ಟ್ರಿಪ್‌ಗಳಿಂದ. ಹತ್ತಾರು ದೇಶಗಳಲ್ಲಿ ಓಡುವ ಕಂಪನಿಯೊಂದರ ಗಳಿಕೆ ಐದು ಊರುಗಳ ಆಡಳಿತವನ್ನೂ, ಪಿಕಪ್‌ಗೆ ಎಲ್ಲಿ ಜಾಗ ಕೊಡಬೇಕು ಎಂದು ತೀರ್ಮಾನಿಸುವ ಕೆಲವು ನಿಲ್ದಾಣಗಳ ಅಧಿಕಾರಿಗಳನ್ನೂ ಅಷ್ಟರಮಟ್ಟಿಗೆ ನೆಚ್ಚಿಕೊಂಡಿತ್ತು.

ಈ ಬಲ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಲಂಡನ್ ನೋಡಿ. 2017ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಉಬರ್‌ನ ಲೈಸೆನ್ಸ್ ನವೀಕರಿಸಲು ಒಪ್ಪಲಿಲ್ಲ. ಗಂಭೀರ ಅಪರಾಧಗಳನ್ನು ವರದಿ ಮಾಡುವ ರೀತಿ, ಚಾಲಕರ ಹಿನ್ನೆಲೆ ತಪಾಸಣೆ ಮತ್ತು ವೈದ್ಯಕೀಯ ಪ್ರಮಾಣಪತ್ರಗಳ ಕ್ರಮ ಸರಿಯಿಲ್ಲ ಎಂಬುದು ಅದರ ಆಕ್ಷೇಪಗಳಲ್ಲಿ ಮುಖ್ಯವಾದವು. 2018ರಲ್ಲಿ ನ್ಯಾಯಾಲಯ 15 ತಿಂಗಳ ಲೈಸೆನ್ಸ್ ಕೊಟ್ಟಿತು. 2019ರ ನವೆಂಬರಿನಲ್ಲಿ ಮತ್ತೆ ನಿರಾಕರಣೆ. ಈ ಸಲ ಕಾರಣ ಇನ್ನೂ ಕೆಟ್ಟದ್ದು: ಬೇರೆ ಚಾಲಕರ ಖಾತೆಗೆ ತಮ್ಮ ಫೋಟೊ ಏರಿಸಿಕೊಂಡು ಕೆಲವರು ಗಾಡಿ ಓಡಿಸಿದ್ದರು, ಹಾಗೆ ಕನಿಷ್ಠ 14,000 ಟ್ರಿಪ್‌ಗಳು ನಡೆದಿದ್ದವು. 2020ರಲ್ಲಿ ನ್ಯಾಯಾಲಯ 18 ತಿಂಗಳ ಲೈಸೆನ್ಸ್ ಕೊಟ್ಟಿತು, 2022ರಲ್ಲಿ 30 ತಿಂಗಳಿಗೆ ಸಿಕ್ಕಿತು. ಇಷ್ಟು ವರ್ಷ ಅದೇ ಆ್ಯಪ್, ಅದೇ ರಸ್ತೆ, ಅದೇ ಪ್ರಯಾಣಿಕರು. ಬದಲಾದದ್ದು ಲೈಸೆನ್ಸಿನ ಅವಧಿ ಮತ್ತು ಅದನ್ನು ಉಳಿಸಿಕೊಳ್ಳಲು ಕಂಪನಿ ತನ್ನ ನಡವಳಿಕೆಯನ್ನು ತಿದ್ದಿಕೊಳ್ಳಬೇಕಾಗಿ ಬಂದ ರೀತಿ. ಲಂಡನ್ನಿನ ಅಧಿಕಾರಿಗಳು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಮೊದಲು ಸರಿಪಡಿಸಿಕೊಳ್ಳಿ ಎಂದರು, ಆಮೇಲೆ ಚಿಕ್ಕ ಅವಧಿಗೆ ಬಿಟ್ಟು ನೋಡಿದರು. ಮೇಲ್ಮನವಿಯ ಕಾಲದಲ್ಲಿ ಗಾಡಿಗಳು ಓಡುತ್ತಲೇ ಇದ್ದವು, ಚಾಲಕರ ಮನೆಯ ಒಲೆ ಆರಲಿಲ್ಲ.

ಚೀನಾದಲ್ಲಿ ಆದದ್ದು ಬೇರೆ ಬಗೆ. ಅಲ್ಲಿನ ಆ್ಯಪ್ ಟ್ಯಾಕ್ಸಿ ಕಂಪನಿ ದೀದಿ 2021ರ ಜೂನ್ 30ರಂದು ನ್ಯೂಯಾರ್ಕ್ ಷೇರುಪೇಟೆಗೆ ಬಂದು ಸುಮಾರು 4.4 ಬಿಲಿಯನ್ ಡಾಲರ್ ಎತ್ತಿತು. ಎರಡು ದಿನ ಕಳೆಯುವುದರಲ್ಲಿ ಚೀನಾದ ಸೈಬರ್ ಆಡಳಿತ ತನಿಖೆ ಶುರುಮಾಡಿತು, ಜುಲೈ 4ರಂದು ಆ್ಯಪ್ ಅನ್ನು ಆ್ಯಪ್ ಅಂಗಡಿಗಳಿಂದ ತೆಗೆಸಿತು. ಮುಂದಿನ ವರ್ಷ ಜೂನಿನಲ್ಲಿ ಕಂಪನಿ ನ್ಯೂಯಾರ್ಕ್ ಪೇಟೆಯಿಂದ ಹೊರಬಂತು, ಜುಲೈನಲ್ಲಿ 8 ಬಿಲಿಯನ್ ಯುವಾನ್‌ಗೂ ಮಿಗಿಲಾದ ದಂಡ ಬಿತ್ತು. ಹೊಸ ಗ್ರಾಹಕರನ್ನು ಸೇರಿಸಿಕೊಳ್ಳಲು ಮತ್ತೆ ಅನುಮತಿ ಸಿಕ್ಕಿದ್ದು 2023ರ ಜನವರಿಯಲ್ಲಿ. ದತ್ತಾಂಶದ ಕಾಳಜಿ ಸಣ್ಣದಲ್ಲ. ಯಾರು ಎಲ್ಲಿಂದ ಎಲ್ಲಿಗೆ ಹೋದರು ಎಂಬ ಕೋಟ್ಯಂತರ ದಾಖಲೆ ಒಂದೇ ಕಂಪನಿಯ ಬಳಿ ಇದ್ದರೆ ಸರ್ಕಾರ ಕೇಳಲೇಬೇಕು. ಆದರೆ ಷೇರು ಮಾರಾಟಕ್ಕೆ ಮೊದಲು ಕೇಳಬಹುದಾದ ಪ್ರಶ್ನೆಯನ್ನು ಮಾರಾಟವಾದ ಮೇಲೆ ಕೇಳಿದರೆ ನಷ್ಟ ಹೊರುವವರು ನಂಬಿ ಷೇರು ಕೊಂಡವರು. ನಿಯಮ ಕಠಿಣವಾಗಿರಲಿ, ಯಾರ ತಕರಾರೂ ಇಲ್ಲ. ಯಾವಾಗ, ಯಾವ ಕಾರಣಕ್ಕೆ ಬರುತ್ತದೆ ಎಂದು ಮುಂಚೆ ತಿಳಿದಿರಬೇಕು.

ಇನ್ನು ಇಂಧನದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು. ತೈಲ ಬೆಲೆ ಏರಿದರೆ ಆ್ಯಪ್ ಟ್ಯಾಕ್ಸಿ ಕಂಪನಿಗೆ ಕಷ್ಟ ಎಂದು ಸುದ್ದಿಗಳಲ್ಲಿ ಓದುತ್ತೇವೆ. ಆದರೆ ಆ ಕಂಪನಿ ಪೆಟ್ರೋಲ್ ಬಂಕಿಗೆ ಹೋಗುವುದೇ ಇಲ್ಲ. ಬಂಕಿನ ಮುಂದೆ ಸಾಲಿನಲ್ಲಿ ನಿಲ್ಲುವವನು ಡ್ರೈವರ್.

ಉದಾಹರಣೆಗೆ, ಬಾಡಿಗೆ ನೂರು ಎಂದು ಇಟ್ಟುಕೊಳ್ಳಿ. ಕಂಪನಿಯ ಕಮಿಷನ್ 25. ಇಂಧನಕ್ಕೆ 30. ಸಾಲದ ಕಂತು, ಟೈರು, ಸರ್ವೀಸು, ವಿಮೆ ಸೇರಿ 25. ಚಾಲಕನ ಕೈಗೆ ಉಳಿಯುವುದು 20. ಇಂಧನದ ಬೆಲೆ ಶೇ 20ರಷ್ಟು ಏರಿತು, ಬಾಡಿಗೆ ಏರಲಿಲ್ಲ ಎಂದುಕೊಳ್ಳಿ. ಇಂಧನದ ಖರ್ಚು 36 ಆಗುತ್ತದೆ, ಉಳಿಯುವುದು 14. ಕಂಪನಿಯ 25 ಹಾಗೇ ಇದೆ. ಶೇ 20ರ ಏರಿಕೆ ಚಾಲಕನ ದುಡಿಮೆಯಲ್ಲಿ ಶೇ 30ರ ಕಡಿತವಾಯಿತು. ಕಮಿಷನ್ನನ್ನು ಬಾಡಿಗೆಯ ಮೇಲೆ ಹಿಡಿಯುತ್ತಾರೆ, ಖರ್ಚು ಕಳೆದು ಉಳಿದದ್ದರ ಮೇಲೆ ಹಿಡಿಯುವುದಿಲ್ಲ. ಈ ಒಂದು ಏರ್ಪಾಟಿನಿಂದ ತೈಲದ ಅಪಾಯ ಕಂಪನಿಯ ಲೆಕ್ಕದಿಂದ ಜಾರಿ ಚಾಲಕನ ಲೆಕ್ಕಕ್ಕೆ ಬೀಳುತ್ತದೆ. ಆ 20ರಲ್ಲಿ ಗಿರಾಕಿ ಇಲ್ಲದೆ ಪಿಕಪ್‌ವರೆಗೆ ಖಾಲಿ ಓಡಿದ ದಾರಿಯನ್ನು ನಾನು ಲೆಕ್ಕ ಹಿಡಿದಿಲ್ಲ, ಆ್ಯಪ್ ಆನ್ ಮಾಡಿಕೊಂಡು ಸುಮ್ಮನೆ ಕಾದ ಗಂಟೆಗಳನ್ನೂ ಹಿಡಿದಿಲ್ಲ.

2022ರ ಮಾರ್ಚಿನಲ್ಲಿ, ಉಕ್ರೇನ್ ಯುದ್ಧ ಶುರುವಾಗಿ ತೈಲ ಏರಿದಾಗ, ಅಮೆರಿಕದಲ್ಲಿ ಉಬರ್ ಪ್ರತಿ ಟ್ರಿಪ್ಪಿಗೆ 45 ಅಥವಾ 55 ಸೆಂಟ್‌ಗಳ ಇಂಧನ ಸರ್ಚಾರ್ಜ್ ಹಾಕಿತು. ಪೂರ್ತಿ ಹಣ ಚಾಲಕರಿಗೇ ಹೋಗುತ್ತದೆ ಎಂದಿತು. ಅದು ಒಳ್ಳೆಯದೇ. ಆದರೆ ಅದನ್ನು ಕೊಟ್ಟವನು ಪ್ರಯಾಣಿಕ. ಟ್ರಿಪ್ ಉದ್ದವಾದರೂ ಗಿಡ್ಡವಾದರೂ ಹೆಚ್ಚು ಕಡಿಮೆ ಅಷ್ಟೇ ಮೊತ್ತ, ಹಾಗಾಗಿ ದೂರದ ಬಾಡಿಗೆ ಓಡಿಸಿದವನಿಗೆ ಅದು ಸಾಲಲಿಲ್ಲ. ಇಂಥದ್ದನ್ನು ಕಂಪನಿಯ ದಯೆಗೆ ಬಿಡಬೇಡಿ. ಕಿಲೋಮೀಟರ್ ಲೆಕ್ಕದ ಕನಿಷ್ಠ ದರವನ್ನು ಇಂಧನದ ಬೆಲೆಗೆ ಕಟ್ಟಿ, ಮೂರು ತಿಂಗಳಿಗೊಮ್ಮೆ ತಾನಾಗಿ ಪರಿಷ್ಕರಣೆಯಾಗುವಂತೆ ನೀವು ಬರೆಯಬಹುದು. ಚಾಲಕರು ಮುಷ್ಕರ ಹೂಡಿ ರಸ್ತೆಗೆ ಇಳಿದ ಮೇಲೆ ದರ ಏರಿಸುವ ಪದ್ಧತಿ ಯಾರಿಗೂ ಹಿತವಲ್ಲ.

ಬಡ್ಡಿ ದರದ ಕಥೆಯೂ ಇದೇ ದಾರಿಯಲ್ಲಿ ಸಾಗುತ್ತದೆ. ಹಣ ಅಗ್ಗವಾಗಿದ್ದ ವರ್ಷಗಳಲ್ಲಿ ಹೂಡಿಕೆದಾರರ ದುಡ್ಡಿನಿಂದ ಪ್ರಯಾಣಿಕರಿಗೆ ರಿಯಾಯಿತಿ, ಚಾಲಕರಿಗೆ ಇನ್ಸೆಂಟಿವ್ ಹರಿಯಿತು. ಇನ್ಸೆಂಟಿವ್ ನಂಬಿ ಎಷ್ಟೋ ಜನ ಸಾಲ ಮಾಡಿ ಗಾಡಿ ಕೊಂಡರು. 2022ರಲ್ಲಿ ಬಡ್ಡಿ ಏರಿ ಷೇರುಪೇಟೆ ಕುಸಿದಾಗ ಕಂಪನಿಗಳ ಭಾಷೆಯೇ ಬದಲಾಯಿತು. ಆ ಮೇ ತಿಂಗಳಲ್ಲಿ ಉಬರ್‌ನ ಮುಖ್ಯಸ್ಥರು ಸಿಬ್ಬಂದಿಗೆ ಪತ್ರ ಬರೆದು, ಪ್ರಚಾರ ಮತ್ತು ಇನ್ಸೆಂಟಿವ್ ಖರ್ಚಿನಲ್ಲಿ ದಕ್ಷವಲ್ಲದ್ದನ್ನು ಕಡಿಯಬೇಕೆಂದರು. ಅದೇ ವರ್ಷದ ಮೊದಲ ಮೂರು ತಿಂಗಳಲ್ಲಿ ಕಂಪನಿ ತೋರಿಸಿದ ನಷ್ಟ 5.9 ಬಿಲಿಯನ್ ಡಾಲರ್. ಅದರಲ್ಲಿ ಸುಮಾರು 5.6 ಬಿಲಿಯನ್ ಬಂದದ್ದು ಗ್ರ್ಯಾಬ್, ಅರೋರಾ, ದೀದಿಯಂಥ ಬೇರೆ ಕಂಪನಿಗಳಲ್ಲಿ ಅದು ಹೊಂದಿದ್ದ ಪಾಲಿನ ಬೆಲೆ ಇಳಿದದ್ದರಿಂದ. ಒಂದೇ ಒಂದು ಸವಾರಿ ಕಡಿಮೆಯಾಗದಿದ್ದರೂ ಆ ನಷ್ಟ ಬರುತ್ತಿತ್ತು. ಮರುವರ್ಷ, 2023ರಲ್ಲಿ, ಕಂಪನಿ ಮೊದಲ ಬಾರಿಗೆ ಇಡೀ ವರ್ಷದ ಕಾರ್ಯಾಚರಣೆ ಲಾಭ ಕಂಡಿತು. ಅದಕ್ಕೆ ಆಹಾರ ಪೂರೈಕೆ, ಜಾಹೀರಾತು, ಮರಳಿ ಬಂದ ಪ್ರಯಾಣಿಕರು ಎಲ್ಲವೂ ಕಾರಣ. ಕಂಪನಿಗೆ ಬಡ್ಡಿಯ ಹೊಡೆತದಿಂದ ಹೊರಬರಲು ಇಷ್ಟು ದಾರಿಗಳಿದ್ದವು. ಅಗ್ಗದ ಹಣದ ಕಾಲದ ಇನ್ಸೆಂಟಿವ್ ನೋಡಿ ಐದು ವರ್ಷದ ಕಂತಿಗೆ ಸಹಿ ಹಾಕಿದವನಿಗೆ ಇರುವ ದಾರಿ ಹೆಚ್ಚು ಹೊತ್ತು ಗಾಡಿ ಓಡಿಸುವುದು, ಅದೊಂದೇ. ನಿದ್ದೆಗೆಟ್ಟು ಓಡಿಸುವ ಗಾಡಿಯಲ್ಲಿ ನನ್ನಂಥವರು ಹಿಂದಿನ ಸೀಟಿನಲ್ಲಿ ಕೂತಿರುತ್ತೇವೆ.

ಕೊರೊನಾ ಕಾಲ ಈ ವ್ಯತ್ಯಾಸವನ್ನು ಬಿಚ್ಚಿ ತೋರಿಸಿತು. 2020ರ ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಉಬರ್‌ನ ಸವಾರಿ ವಹಿವಾಟು ಹಿಂದಿನ ವರ್ಷಕ್ಕಿಂತ ಶೇ 75ರಷ್ಟು ಬಿತ್ತು. ಅದೇ ಅವಧಿಯಲ್ಲಿ ಅದರ ಆಹಾರ ಪೂರೈಕೆ ವಹಿವಾಟು ದುಪ್ಪಟ್ಟಾಯಿತು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದನ್ನು ತೆರೆಯಲು ಕಂಪನಿಗೆ ಆಯಿತು. ಮೇ ತಿಂಗಳಲ್ಲಿ ಸುಮಾರು 6,700 ನೌಕರರನ್ನು ತೆಗೆದರು, ಅದು ಸುದ್ದಿಯಾಯಿತು. ಚಾಲಕರನ್ನು ಯಾರೂ ತೆಗೆಯಲಿಲ್ಲ, ಏಕೆಂದರೆ ಅವರು ಲೆಕ್ಕಕ್ಕೆ ನೌಕರರೇ ಆಗಿರಲಿಲ್ಲ. ಆ್ಯಪ್ ಆನ್ ಇತ್ತು, ಬುಕಿಂಗ್ ಬರಲಿಲ್ಲ, ಅಷ್ಟೇ. ಮರುವರ್ಷ ಪ್ರಯಾಣಿಕರು ಮರಳಿದರು, ಎಷ್ಟೋ ಚಾಲಕರು ಮರಳಲಿಲ್ಲ. ಆಗ ಅವರನ್ನು ಕರೆತರಲು ಅಮೆರಿಕದಲ್ಲಿ 250 ಮಿಲಿಯನ್ ಡಾಲರ್ ಪ್ರೋತ್ಸಾಹಧನ ಘೋಷಿಸಬೇಕಾಯಿತು. ಕಷ್ಟಕಾಲದಲ್ಲಿ ಚಾಲಕನನ್ನು ಉಳಿಸಿಕೊಳ್ಳಲು ಒಂದು ನಿಧಿ ಇದ್ದಿದ್ದರೆ ಇಷ್ಟು ಕಾದು, ಇಷ್ಟು ಸುರಿದು ಕರೆತರುವ ಪ್ರಮೇಯ ಬರುತ್ತಿರಲಿಲ್ಲ. ಕಂಪನಿಗಳ ಹಿತದೃಷ್ಟಿಯಿಂದಲೇ ಈ ಮಾತು ಹೇಳುತ್ತಿದ್ದೇನೆ.

ಚಾಲಕ ನೌಕರನೋ, ಸ್ವತಂತ್ರನೋ ಎಂಬ ಪ್ರಶ್ನೆ ಈ ವ್ಯವಹಾರದ ತಳಪಾಯವನ್ನೇ ಅಲುಗಿಸಬಲ್ಲದು. 2021ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಚಾಲಕರನ್ನು ಕನಿಷ್ಠ ವೇತನ ಮತ್ತು ಸಂಬಳಸಹಿತ ರಜೆಗೆ ಅರ್ಹರಾದ ಕಾರ್ಮಿಕರೆಂದು ಹೇಳಿತು. ಬಾಡಿಗೆ ಗೊತ್ತು ಮಾಡುವುದು ಕಂಪನಿ, ಷರತ್ತು ಹಾಕುವುದು ಕಂಪನಿ, ಬುಕಿಂಗ್ ತಿರಸ್ಕರಿಸಿದರೆ ಶಿಕ್ಷಿಸುವುದೂ ಕಂಪನಿ ಎಂಬುದನ್ನು ನ್ಯಾಯಾಲಯ ಗಮನಿಸಿತ್ತು. ಕಂಪನಿ ಬ್ರಿಟನ್ ಬಿಟ್ಟು ಹೋಗಲಿಲ್ಲ, ಇಂದಿಗೂ ಓಡುತ್ತಿದೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿಯಿಂದ ಇಂಥವರನ್ನು ನೌಕರರೆಂದು ನೋಡುವ ಕಾನೂನು ಜಾರಿಗೆ ಬಂದಾಗ ಕಂಪನಿಗಳು ಬೇರೆ ದಾರಿ ಹಿಡಿದವು. ಆ್ಯಪ್ ಕಂಪನಿಗಳೆಲ್ಲ ಸೇರಿ 200 ಮಿಲಿಯನ್ ಡಾಲರ್‌ಗೂ ಹೆಚ್ಚು ಖರ್ಚು ಮಾಡಿ ಅದೇ ವರ್ಷದ ನವೆಂಬರಿನಲ್ಲಿ ಜನಮತದ ಮೂಲಕ ತಮಗೆ ವಿನಾಯಿತಿ ಪಡೆದುಕೊಂಡವು, 2024ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಕಾನೂನನ್ನು ತಮ್ಮ ಕೈಮೀರಿದ ಸಂಗತಿ ಎಂದು ಕಂಪನಿಗಳು ವಾರ್ಷಿಕ ವರದಿಯಲ್ಲಿ ಬರೆದಾಗ ಅದನ್ನು ಪೂರ್ತಿ ನಂಬಬೇಕಿಲ್ಲ. ದೊಡ್ಡ ಕಂಪನಿಗೆ ಹೊರಗಿನ ವಾತಾವರಣವನ್ನು ಬದಲಿಸುವ ಶಕ್ತಿ ಇದೆ. ಆ ಶಕ್ತಿ ಇಲ್ಲದವರು ಇಬ್ಬರು, ಚಾಲಕ ಮತ್ತು ಪ್ರಯಾಣಿಕ.

ನಿಯಮ ಬಿಗಿ ಮಾಡಿದರೆ ನಾವು ಹೊರಟು ಹೋಗುತ್ತೇವೆ ಎಂಬ ಮಾತು ನಿಮ್ಮ ಮೇಜಿಗೂ ಬಂದಿರುತ್ತದೆ. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಹೇಳುವುದಿಲ್ಲ. 2017ರಲ್ಲಿ ಡೆನ್ಮಾರ್ಕ್ ಟ್ಯಾಕ್ಸಿಗಳಿಗೆ ಮೀಟರ್ ಮತ್ತು ಸೀಟ್ ಸೆನ್ಸರ್ ಕಡ್ಡಾಯ ಮಾಡಿದಾಗ ಉಬರ್ ನಿಜವಾಗಿಯೂ ಹೊರಟಿತು. ಮರಳಿದ್ದು 2025ರಲ್ಲಿ, ಲೈಸೆನ್ಸ್ ಇರುವ ಟ್ಯಾಕ್ಸಿ ಸಂಸ್ಥೆಯ ಜೊತೆ ಸೇರಿ. ಬಾರ್ಸಿಲೋನಾದಲ್ಲಿ 2019ರಲ್ಲಿ ಬುಕ್ ಮಾಡಿದ ಮೇಲೆ ಕನಿಷ್ಠ 15 ನಿಮಿಷ ಕಾಯಲೇಬೇಕೆಂಬ ನಿಯಮ ಬಂದಾಗ ಉಬರ್, ಕ್ಯಾಬಿಫೈ ಎರಡೂ ಸೇವೆ ನಿಲ್ಲಿಸಿದವು. ಆ 15 ನಿಮಿಷದಿಂದ ಪ್ರಯಾಣಿಕನಿಗೂ ಲಾಭವಿರಲಿಲ್ಲ, ಸುರಕ್ಷತೆಗೂ ಲಾಭವಿರಲಿಲ್ಲ. ಹಳೆಯ ಟ್ಯಾಕ್ಸಿಯವರ ಅನ್ನ ಉಳಿಸಲು ಆ್ಯಪ್ ಗಾಡಿಯನ್ನು ಬೇಕೆಂದೇ ನಿಧಾನ ಮಾಡುವ ನಿಯಮ ಅದು. ಮಿನಿಯಾಪೊಲಿಸ್‌ನಲ್ಲಿ 2024ರಲ್ಲಿ ನಡೆದದ್ದು ಬೇರೆ. ನಗರಸಭೆ ಕನಿಷ್ಠ ದರ ಗೊತ್ತು ಮಾಡಿದಾಗ ಎರಡು ದೊಡ್ಡ ಕಂಪನಿಗಳು ಹೊರಡುವ ಬೆದರಿಕೆ ಹಾಕಿದವು. ಕೊನೆಗೆ ಮಿನಿಸೋಟ ರಾಜ್ಯವೇ ಮಧ್ಯೆ ಬಂದು ಮೈಲಿಗೆ 1.28 ಡಾಲರ್, ನಿಮಿಷಕ್ಕೆ 31 ಸೆಂಟ್ ಎಂದು ಕಾನೂನು ಮಾಡಿತು. ಕಂಪನಿಗಳು ಉಳಿದವು. ನಗರಸಭೆ ಕೇಳಿದ್ದಕ್ಕಿಂತ ಕಡಿಮೆ, ಆದರೂ ಚಾಲಕನಿಗೆ ಒಂದು ನೆಲೆ ಸಿಕ್ಕಿತು.

ನ್ಯೂಯಾರ್ಕಿನಿಂದ ಕಲಿಯಬೇಕಾದದ್ದು ಇನ್ನೂ ಹೆಚ್ಚಿದೆ. 2018ರಲ್ಲಿ ಆ ನಗರ ಹೊಸ ಆ್ಯಪ್ ಗಾಡಿಗಳ ಲೈಸೆನ್ಸಿಗೆ ಮಿತಿ ಹಾಕಿತು. ಅದೇ ವರ್ಷದ ಕೊನೆಗೆ ಖರ್ಚು ಕಳೆದು ಗಂಟೆಗೆ 17.22 ಡಾಲರ್ ಚಾಲಕನಿಗೆ ಉಳಿಯಬೇಕೆಂಬ ಲೆಕ್ಕದಲ್ಲಿ ಕನಿಷ್ಠ ಪಾವತಿ ನಿಗದಿ ಮಾಡಿತು. ಆ ಸೂತ್ರದಲ್ಲಿ ಖಾಲಿ ಕಾಯುವ ಸಮಯಕ್ಕೂ ಬೆಲೆ ಇತ್ತು. ಗಾಡಿಗಳು ಹೆಚ್ಚು ಹೊತ್ತು ಖಾಲಿ ತಿರುಗಿದರೆ ಕಂಪನಿ ಪ್ರತಿ ಟ್ರಿಪ್ಪಿಗೆ ಹೆಚ್ಚು ಕೊಡಬೇಕು. ಯೋಚನೆ ಒಳ್ಳೆಯದು, ಆದರೆ ಕಂಪನಿಗಳು ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಚಾಲಕರನ್ನು ಲಾಗಿನ್ ಆಗಲು ಬಿಡದೆ ಆ ಖಾಲಿ ಸಮಯವನ್ನು ಲೆಕ್ಕದಿಂದಲೇ ಹೊರಗಿಟ್ಟವು. 2019ರಲ್ಲೂ, ಮತ್ತೆ 2024ರಲ್ಲೂ ಇದು ನಡೆಯಿತು. ಚಾಲಕ ಗಾಡಿಯಲ್ಲೇ ಕೂತಿದ್ದಾನೆ, ಆ್ಯಪ್ ಮಾತ್ರ ಅವನನ್ನು ಒಳಗೆ ಬಿಡುತ್ತಿಲ್ಲ. ಆದ್ದರಿಂದ ನಿಯಮ ಬರೆದು ಎದ್ದುಹೋಗಬೇಡಿ. ಲಾಗಿನ್, ಬ್ಲಾಕ್ ಆದ ಐಡಿ, ಖಾಲಿ ಓಟ, ಈ ಮೂರರ ಮಾಹಿತಿಯನ್ನು ತಿಂಗಳು ತಿಂಗಳು ಕಂಪನಿಯಿಂದ ತರಿಸಿಕೊಳ್ಳಿ. ವೈಯಕ್ತಿಕ ವಿವರ ತೆಗೆದು ಸಾರ್ವಜನಿಕರಿಗೂ ತೋರಿಸಿ.

ಸರ್ಜ್ ದರದ, ಅಂದರೆ ಬೇಡಿಕೆ ಹೆಚ್ಚಾದಾಗ ಏರಿಸುವ ಬಾಡಿಗೆಯ, ಮಿತಿಯ ಬಗ್ಗೆ ಒಂದೇ ಮಾತು. ಭಾರತದ ಕೇಂದ್ರ ಸರ್ಕಾರ 2020ರ ಮಾರ್ಗಸೂಚಿಯಲ್ಲಿ ಮೂಲ ದರದ ಒಂದೂವರೆ ಪಟ್ಟಿಗೆ ಮಿತಿ ಹಾಕಿತ್ತು, 2025ರಲ್ಲಿ ಎರಡು ಪಟ್ಟಿಗೆ ಏರಿಸಿತು. ಪ್ರಯಾಣಿಕನ ಜೇಬಿಗೆ ಎಷ್ಟು ಹೊರೆ ಎಂಬ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಹೆಚ್ಚಾದ ಹಣದಲ್ಲಿ ಚಾಲಕನ ಪಾಲೆಷ್ಟು ಎಂದು ಕೇಳುವವರು ಕಡಿಮೆ.

ಪೈಪೋಟಿಯ ಬಗ್ಗೆಯೂ ಎಚ್ಚರ ಬೇಕು. ಉಬರ್ 2016ರಲ್ಲಿ ಚೀನಾದ ವ್ಯವಹಾರವನ್ನು ದೀದಿಗೆ, 2018ರ ಮಾರ್ಚಿನಲ್ಲಿ ಆಗ್ನೇಯ ಏಷ್ಯಾದ ವ್ಯವಹಾರವನ್ನು ಗ್ರ್ಯಾಬ್‌ಗೆ ಬಿಟ್ಟುಕೊಟ್ಟು ಬದಲಿಗೆ ಅವುಗಳಲ್ಲಿ ಪಾಲು ಪಡೆಯಿತು. ಎದುರಾಳಿಗಳು ಜಗಳ ಮುಗಿಸಿ ಪಾಲುದಾರರಾದರು. ಸಿಂಗಪುರದ ಸ್ಪರ್ಧಾ ಆಯೋಗ ವಿಚಾರಣೆ ನಡೆಸಿ, ವಿಲೀನದ ನಂತರ ರಿಯಾಯಿತಿ ಕಳೆದ ಬಾಡಿಗೆ ಶೇ 10ರಿಂದ 15ರಷ್ಟು ಏರಿದೆ ಎಂದು ಕಂಡು, ಎರಡೂ ಕಂಪನಿಗಳಿಗೆ ಒಟ್ಟು ಸುಮಾರು 13 ಮಿಲಿಯನ್ ಸಿಂಗಪುರ ಡಾಲರ್ ದಂಡ ಹಾಕಿತು. ಅಷ್ಟರಲ್ಲಿ ಒಂದು ಆ್ಯಪ್ ಮುಚ್ಚಿಯಾಗಿತ್ತು. ಇಂಥ ವಿಲೀನಗಳನ್ನು ಆಗುವ ಮೊದಲೇ ನೋಡುವ ಅಧಿಕಾರ ನಿಮ್ಮ ಕಾನೂನಿನಲ್ಲಿ ಇದೆಯೇ ಎಂದು ದಯವಿಟ್ಟು ಇವತ್ತೇ ನೋಡಿ.

ಮುಂದೆ ಬರುತ್ತಿರುವ ಎರಡು ಬದಲಾವಣೆಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ. ಒಂದು, ವಿದ್ಯುತ್ ಗಾಡಿ. ಕ್ಯಾಲಿಫೋರ್ನಿಯಾ 2030ರ ಹೊತ್ತಿಗೆ ಆ್ಯಪ್ ಗಾಡಿಗಳು ಓಡುವ ಮೈಲಿಗಳಲ್ಲಿ ಶೇ 90ರಷ್ಟು ವಿದ್ಯುತ್ತಿನದಾಗಬೇಕೆಂದು ನಿಯಮ ಮಾಡಿದೆ. ಗಾಳಿ ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಗುರಿ ಹಾಕಿರುವುದು ಕಂಪನಿಗೆ, ಗಾಡಿ ಕೊಳ್ಳಬೇಕಾದವನು ಚಾಲಕ. ಲಂಡನ್ನಿನಲ್ಲಿ ಉಬರ್ 2019ರಿಂದ ಪ್ರತಿ ಮೈಲಿಗೆ 15 ಪೆನ್ಸ್ ಸಂಗ್ರಹಿಸಿ ಚಾಲಕರು ವಿದ್ಯುತ್ ಗಾಡಿ ಕೊಳ್ಳಲು ನೆರವಿನ ನಿಧಿ ಮಾಡಿತು. ಆ ಬಗೆಯ ನಿಧಿ ಇಲ್ಲದೆ ಬರೀ ಗಡುವು ಹಾಕಿದರೆ ಹಳೆಯ ಗಾಡಿಯ ಸಾಲ ತೀರುವ ಮುನ್ನವೇ ಚಾಲಕ ಹೊಸ ಸಾಲಕ್ಕೆ ಹೋಗಬೇಕಾಗುತ್ತದೆ.

ಇನ್ನೊಂದು, ಚಾಲಕನೇ ಇಲ್ಲದ ಗಾಡಿ. ವೇಮೊ 2020ರಲ್ಲಿ ಫೀನಿಕ್ಸ್‌ನಲ್ಲಿ ಸಾರ್ವಜನಿಕರಿಗೆ ಅಂಥ ಸೇವೆ ತೆರೆಯಿತು. 2023ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ರೂಸ್ ಕಂಪನಿಯ ಗಾಡಿ ಪಾದಚಾರಿಯೊಬ್ಬರನ್ನು ಎಳೆದುಕೊಂಡು ಹೋದ ಅಪಘಾತದ ನಂತರ ಅದರ ಪರ್ಮಿಟ್ ಅಮಾನತಾಯಿತು, 2024ರ ಕೊನೆಗೆ ಅದರ ಒಡೆತನದ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ನಿಲ್ಲಿಸಿತು. ಒಂದು ಅಪಘಾತ, ಅದರ ಹಿಂದೆ ಬಂದ ಅಮಾನತು, ಅಲ್ಲಿಂದ ಅದರ ಕುಸಿತ ಶುರುವಾಯಿತು. ಇಂಥ ಸೇವೆಗೆ ನೀವು ಪರ್ಮಿಟ್ ಕೊಡುವ ದಿನ ಸುರಕ್ಷತೆಯ ಕಡತದ ಜೊತೆ ಇನ್ನೊಂದು ಕಡತವೂ ಇರಲಿ. ಊರಿನಲ್ಲಿ ಎಷ್ಟು ಚಾಲಕರ ಗಾಡಿ ಸಾಲ ಇನ್ನೂ ಬಾಕಿ ಇದೆ, ಅದು ಯಾವ ವರ್ಷ ತೀರುತ್ತದೆ ಎಂಬುದರ ಲೆಕ್ಕ ಅದರಲ್ಲಿರಲಿ. ಪರ್ಮಿಟ್ಟುಗಳನ್ನು ಆ ಲೆಕ್ಕಕ್ಕೆ ಹೊಂದಿಸಿ ಹಂತಹಂತವಾಗಿ ಕೊಡಿ. ತಂತ್ರಜ್ಞಾನ ನಿಲ್ಲಬೇಕೆಂದು ನಾನು ಕೇಳುತ್ತಿಲ್ಲ. ಮೂರು ವರ್ಷ ಮುಂಚೆ ತಿಳಿದರೆ ಒಬ್ಬ ಮನುಷ್ಯ ಹೊಸ ಸಾಲ ಮಾಡದೆ ಉಳಿಯಬಹುದು.

ನಿಮ್ಮ ಮುಂದಿನ ಕರಡು ನಿಯಮವನ್ನು ಆಕ್ಷೇಪಣೆಗೆ ಹೊರಡಿಸುವಾಗ ಅದಕ್ಕೆ ಒಂದು ಪುಟ ಸೇರಿಸಿ. ಇದರ ಖರ್ಚಿನಲ್ಲಿ ಕಂಪನಿ ಎಷ್ಟು ಹೊರುತ್ತದೆ, ಪ್ರಯಾಣಿಕ ಎಷ್ಟು ಹೊರುತ್ತಾನೆ, ಚಾಲಕ ಎಷ್ಟು ಹೊರುತ್ತಾನೆ ಎಂದು ಅಂಕಿಗಳಲ್ಲಿ ಬರೆಯಿರಿ. ಚಾಲಕನ ಅಂಕಿ ಎಲ್ಲಿಂದ ಬಂತು ಎಂಬುದನ್ನೂ ಹೇಳಿ. ಕಂಪನಿ ಕೊಟ್ಟ ಸರಾಸರಿ ಗಳಿಕೆಯನ್ನು ಒಪ್ಪಬೇಡಿ, ಇಂಧನ, ಕಂತು, ಖಾಲಿ ಓಟ ಕಳೆದ ಮೇಲೆ ಉಳಿದದ್ದನ್ನೇ ಕೇಳಿ. ಆ ಪುಟ ನಾವು ಮಾತನಾಡುವ ಭಾಷೆಯಲ್ಲೂ ಇರಲಿ, ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಸಮಯ ಕೊಡಿ. ದಿನಕ್ಕೆ ಹನ್ನೆರಡು ಗಂಟೆ ಡ್ಯೂಟಿ ಮಾಡುವವನಿಗೆ ಅದನ್ನು ಓದಲು, ಯಾರನ್ನಾದರೂ ಕೇಳಿ ಉತ್ತರ ಬರೆಸಲು ಅಷ್ಟಾದರೂ ಬೇಕು.

ಇಂತಿ,
ಹಿಂದಿನ ಸೀಟಿನಲ್ಲಿ ಕೂರುವ ಒಬ್ಬ ಪ್ರಯಾಣಿಕ